ಜೀವಕ್ಕೆ ಬೆಲೆ ಕಟ್ಟುವರಾರು?

ರೋಗದಿಂದ ನರಳುವವನು ವೈದ್ಯನ ಬಾಗಿಲಿಗೆ ಬರುತ್ತಾನೆ. ವೈದ್ಯನು ತಾನು ಕಲಿತ ವಿದ್ಯೆಯನ್ನೆಲ್ಲ ವಿನಿಯೋಗಿಸಿ ಅವನನ್ನು ಗುಣಪಡಿಸಲು ಯತ್ನಿಸುತ್ತಾನೆ. ವೈದ್ಯಧರ್ಮವೆಂದರೆ ಇಷ್ಟೇ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಔಷಧವು ಒಬ್ಬನಿಗಾಗುವಷ್ಟೇ ಇದ್ದು, ರೋಗಿಗಳು ಇಬ್ಬರಿದ್ದರೆ ಗತಿಯೇನು? ಒಬ್ಬನನ್ನು ಉಳಿಸಿದರೆ ಮತ್ತೊಬ್ಬನು ಸಾಯುವುದು ನಿಶ್ಚಯವಾಗಿದ್ದರೆ ವೈದ್ಯನು ಯಾರ ಕೈ ಹಿಡಿಯಬೇಕು? ಯಾವ ದಾರಿ ಹಿಡಿದರೂ ಒಂದು ಕರ್ತವ್ಯಕ್ಕೆ ಲೋಪ ಬರುವ ಇಂತಹ ಇಕ್ಕಟ್ಟನ್ನೇ ಹಿರಿಯರು ಧರ್ಮಸಂಕಟವೆಂದು ಕರೆದರು. 1960ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು ಇಂತಹುದೇ ಒಂದು ಸಂಕಟಕ್ಕೆ ಸಿಲುಕಿದರು. ಅದಕ್ಕೆ ಕಾರಣವಾದುದು ಅವರ ಸೋಲಲ್ಲ, ಅವರ ಗೆಲುವು.

ಮಾನವ ಶರೀರದಲ್ಲಿ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ; ದೇಹಕ್ಕೆ ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಬೇಡದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರರೂಪದಲ್ಲಿ ಹೊರಹಾಕುತ್ತವೆ. ಇವೆರಡೂ ಸಂಪೂರ್ಣವಾಗಿ ಕೆಟ್ಟರೆ ಯೂರಿಯಾ ಮೊದಲಾದ ಕಶ್ಮಲಗಳು ರಕ್ತದಲ್ಲಿಯೇ ಉಳಿದು ವಿಷವಾಗುತ್ತವೆ. ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಮರಣವು ಸಂಭವಿಸುತ್ತದೆ.

ಹಾಲೆಂಡಿನ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯನು 1938ರಲ್ಲಿ 22 ವರ್ಷದ ಯುವಕನೊಬ್ಬನು ಹೀಗೆ ಸಾಯುವುದನ್ನು ಕಣ್ಣಾರೆ ಕಂಡನು. ರಕ್ತದ ಕಶ್ಮಲವನ್ನು ದೇಹದ ಹೊರಗೆ ಸೋಸಲು ಸಾಧ್ಯವಾದರೆ ಇಂತಹವರು ಬದುಕಬಲ್ಲರೆಂಬ ಆಲೋಚನೆ ಅವನ ಮನಸ್ಸನ್ನು ಹಿಡಿಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಗಿ ಹಾಲೆಂಡು ಜರ್ಮನರ ವಶವಾಯಿತು. ಯಾವ ಸಾಮಗ್ರಿಯೂ ಸುಲಭವಾಗಿ ದೊರೆಯದಿದ್ದ ಆ ದಿನಗಳಲ್ಲಿಯೇ, 1943ರಲ್ಲಿ, ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೋಲ್ಫನು ತನ್ನ ಯಂತ್ರವನ್ನು ಸಿದ್ಧಗೊಳಿಸಿದನು. ಮರದ ಪಟ್ಟಿಗಳ ಉರುಳೆಯೊಂದಕ್ಕೆ ಸೆಲೊಫೇನ್ ಕೊಳವೆಯನ್ನು ಸುತ್ತಿ, ಅದನ್ನು ಲವಣಜಲದ ತೊಟ್ಟಿಯಲ್ಲಿ ತಿರುಗಿಸಲಾಗುತ್ತಿತ್ತು. ಕೊಳವೆಯೊಳಗೆ ಹರಿಯುವ ರಕ್ತದಿಂದ ಕಶ್ಮಲದ ಸಣ್ಣ ಕಣಗಳು ಸೂಕ್ಷ್ಮರಂಧ್ರಗಳ ಮೂಲಕ ನೀರಿಗೆ ಇಳಿಯುತ್ತಿದ್ದವು. ದೊಡ್ಡವಾದ ರಕ್ತಕಣಗಳು ಒಳಗೇ ಉಳಿಯುತ್ತಿದ್ದವು. ಈ ಕ್ರಿಯೆಗೆ ಡಯಾಲಿಸಿಸ್ ಎಂದು ಹೆಸರು.

ಮೊದಮೊದಲಿನ ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ವೃದ್ಧೆಯೊಬ್ಬಳು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಕೋಲ್ಫನ ಬಳಿಗೆ ಬಂದಳು. ಆಕೆ ಜರ್ಮನರ ಪಕ್ಷವನ್ನು ವಹಿಸಿದ್ದಳೆಂಬ ಕಾರಣದಿಂದ ಯುದ್ಧಾನಂತರ ಸೆರೆಯಲ್ಲಿದ್ದವಳು. ಕೋಲ್ಫನಾದರೋ ಜರ್ಮನರ ಆಳ್ವಿಕೆಯನ್ನು ವಿರೋಧಿಸಿದವನು. ಆದರೂ ಅವನು ಅನುಮಾನಿಸಲಿಲ್ಲ; ಆಕೆಗೆ ಚಿಕಿತ್ಸೆ ನೀಡಿದನು. ಆಕೆ ಎಚ್ಚೆತ್ತಳು, ಅನಂತರ ಹಲವು ವರ್ಷ ಬದುಕಿದಳು. ಹೀಗೆ ಕೃತಕ ಮೂತ್ರಪಿಂಡದಿಂದ ಬದುಕಿದ ಮೊದಲಿಗರಲ್ಲಿ ಪ್ರಸಿದ್ಧಳಾದವಳು ಊರಿನವರಿಗೆ ಬೇಡವಾದ ಹೆಂಗಸು. ಇಲ್ಲಿ ವೈದ್ಯನ ಧರ್ಮವು ಸ್ಪಷ್ಟವಾಗಿತ್ತು: ಮುಂದೆ ಮಲಗಿರುವ ರೋಗಿ ಯೋಗ್ಯಳೋ ಅಯೋಗ್ಯಳೋ ಎಂದು ತೀರ್ಪು ಕೊಡುವುದು ಅವನ ಕೆಲಸವಲ್ಲ.

ಕೋಲ್ಫನ ಯಂತ್ರಕ್ಕೆ ಒಂದು ಮಿತಿಯಿತ್ತು. ಪ್ರತಿಸಲವೂ ರೋಗಿಯ ಅಪಧಮನಿಯನ್ನೂ ಅಭಿಧಮನಿಯನ್ನೂ ಕೊಯ್ದು ಕೊಳವೆಗಳನ್ನು ಜೋಡಿಸಬೇಕಾಗುತ್ತಿತ್ತು. ಕೆಲವು ಸಲ ಹೀಗೆ ಮಾಡಿದ ಮೇಲೆ ಕೊಯ್ಯಲು ರಕ್ತನಾಳಗಳೇ ಉಳಿಯುತ್ತಿರಲಿಲ್ಲ. ಆದುದರಿಂದ ಮೂತ್ರಪಿಂಡಗಳು ತಾತ್ಕಾಲಿಕವಾಗಿ ನಿಂತವರಿಗೆ ಮಾತ್ರ ಅದು ಉಪಯುಕ್ತವಾಗಿತ್ತು. ಶಾಶ್ವತವಾಗಿ ಕೆಟ್ಟವರಿಗೆ ಬೇರೆ ದಾರಿಯಿರಲಿಲ್ಲ.

ಆ ದಾರಿಯನ್ನು ತೆರೆದವನು ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್. ಅವನು ಎರಡು ಸಣ್ಣ ಕೊಳವೆಗಳನ್ನು ರೋಗಿಯ ತೋಳಿನ ಅಪಧಮನಿಗೂ ಅಭಿಧಮನಿಗೂ ಶಾಶ್ವತವಾಗಿ ಸೇರಿಸಿ, ಚಿಕಿತ್ಸೆಯಿಲ್ಲದ ಸಮಯದಲ್ಲಿ ಅವೆರಡನ್ನೂ ಬಾಗಿದ ತುಂಡೊಂದರಿಂದ ಜೋಡಿಸುವ ಉಪಾಯವನ್ನು ಕಂಡುಹಿಡಿದನು. ರಕ್ತವು ಹೆಪ್ಪುಗಟ್ಟದಂತೆ ಕೊಳವೆಗಳನ್ನು ನುಣುಪಾದ ಟೆಫ್ಲಾನಿನಿಂದ ಮಾಡಲಾಯಿತು. ಅವನ್ನು ರೂಪಿಸಿದವನು ವೇಯ್ನ್ ಕ್ವಿಂಟನ್ ಎಂಬ ಎಂಜಿನಿಯರು. 1960ರ ಮಾರ್ಚ್ 9ರಂದು ಕ್ಲೈಡ್ ಶೀಲ್ಡ್ಸ್ ಎಂಬ 39 ವರ್ಷದ ಯಂತ್ರಕರ್ಮಿಗೆ ಅದನ್ನು ಅಳವಡಿಸಲಾಯಿತು. ಸಾವಿನ ಅಂಚಿನಲ್ಲಿದ್ದ ಆತನು ಮತ್ತೆ 11 ವರ್ಷ ಬದುಕಿದನು. ಅಂದಿನವರೆಗೆ ಮರಣದಂಡನೆಯಂತಿದ್ದ ರೋಗವು ಅಂದಿನಿಂದ ನಿಭಾಯಿಸಬಹುದಾದ ರೋಗವಾಯಿತು.

ಸಂಕಟವು ಆರಂಭವಾದುದು ಇಲ್ಲಿಯೇ. 1962ರ ಜನವರಿಯಲ್ಲಿ ಸಿಯಾಟಲಿನಲ್ಲಿ ಪ್ರಾರಂಭವಾದ ಕೃತಕ ಮೂತ್ರಪಿಂಡ ಕೇಂದ್ರದಲ್ಲಿ ಇದ್ದುವು ಮೂರೇ ಹಾಸಿಗೆಗಳು. ಪ್ರತಿಯೊಬ್ಬ ರೋಗಿಯೂ ವಾರವಾರವೂ ಬಹಳ ಗಂಟೆಗಳ ಕಾಲ, ಬದುಕಿರುವವರೆಗೂ, ಯಂತ್ರವನ್ನು ಆಶ್ರಯಿಸಬೇಕಾಗಿತ್ತು. ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮೀರಿದ ವೆಚ್ಚ. ಹಾಸಿಗೆಗಳ ಸಂಖ್ಯೆಗೂ ಕಾದುನಿಂತವರ ಸಂಖ್ಯೆಗೂ ತಾಳೆಯೇ ಇರಲಿಲ್ಲ. ಒಬ್ಬನಿಗೆ ಹಾಸಿಗೆ ಕೊಡುವುದೆಂದರೆ ಇನ್ನೊಬ್ಬನಿಗೆ ಸಾವನ್ನು ಕೊಡುವುದೆಂದೇ ಅರ್ಥವಾಗಿತ್ತು.

ಇಷ್ಟು ದೊಡ್ಡ ಹೊಣೆಯನ್ನು ವೈದ್ಯರೇ ಹೊರುವುದು ಉಚಿತವಲ್ಲವೆಂದು ಅಲ್ಲಿನ ವೈದ್ಯಸಂಘವು ಭಾವಿಸಿತು. ಮೊದಲು ವೈದ್ಯರ ಸಮಿತಿಯೊಂದು ರೋಗಿಯ ದೇಹಸ್ಥಿತಿಯನ್ನು ಪರೀಕ್ಷಿಸುತ್ತಿತ್ತು. ಅಲ್ಲಿ ತೇರ್ಗಡೆಯಾದವರ ವಿವರಗಳು ಏಳು ಮಂದಿ ನಾಗರಿಕರ ಸಮಿತಿಯೊಂದರ ಮುಂದೆ ಬರುತ್ತಿದ್ದವು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರು, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ ಮತ್ತು ಒಬ್ಬ ಶಸ್ತ್ರವೈದ್ಯ ಇದ್ದರು. ಇವರ ಹೆಸರುಗಳನ್ನು ಗುಪ್ತವಾಗಿಡಲಾಗಿತ್ತು. ಇವರಿಗೆ ಸಂಬಳವಿರಲಿಲ್ಲ, ದಾರಿ ತೋರುವ ಹಿಂದಿನ ನಿದರ್ಶನವೂ ಇರಲಿಲ್ಲ.

ಇವರು ರೋಗಿಯ ವಯಸ್ಸು, ಸಂಸಾರ, ಅವಲಂಬಿಗಳ ಸಂಖ್ಯೆ, ವರಮಾನ, ವಿದ್ಯಾಭ್ಯಾಸ, ಉದ್ಯೋಗ, ಮನೋಸ್ಥೈರ್ಯ, ಸಮಾಜಕ್ಕೆ ಅವನಿಂದಾದ ಮತ್ತು ಆಗಬಹುದಾದ ಸೇವೆ ಇವನ್ನೆಲ್ಲ ಪರಿಶೀಲಿಸುತ್ತಿದ್ದರು. ಮೂವರು ಮಕ್ಕಳ ತಂದೆಯನ್ನು ಉಳಿಸಬೇಕೆ, ಮಕ್ಕಳಿಲ್ಲದ ವಿದ್ವಾಂಸನನ್ನೆ? ದುಡಿದು ಉಳಿಸಿದವನ ಕುಟುಂಬವು ಹೇಗಾದರೂ ಬದುಕೀತೆಂದು ಅವನನ್ನು ಬಿಡಬೇಕೆ, ಅಥವಾ ಉಳಿತಾಯಕ್ಕೆ ಬಹುಮಾನವಾಗಿ ಅವನನ್ನೇ ಆರಿಸಬೇಕೆ? ಒಂದೊಂದು ಪ್ರಶ್ನೆಗೂ ಎರಡೆರಡು ಉತ್ತರಗಳಿದ್ದವು, ಎರಡೂ ಸರಿಯೆನಿಸುತ್ತಿದ್ದವು.

1962ರ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಲೇಖಕಿಯು ಈ ಸಮಿತಿಯ ಕುರಿತು ಬರೆದಾಗ ದೇಶಕ್ಕೆ ದೇಶವೇ ಬೆಚ್ಚಿತು. ಜನರು ಅದನ್ನು ‘ದೇವರ ಸಮಿತಿ’ ಎಂದು ಕರೆಯತೊಡಗಿದರು. ಸಮಿತಿಯವರು ತಮಗರಿವಿಲ್ಲದೆಯೇ ತಮ್ಮಂತಹವರನ್ನೇ ಆರಿಸುತ್ತಿದ್ದಾರೆ, ಮಧ್ಯಮ ವರ್ಗದ ಅಳತೆಗೋಲಿನಿಂದ ಎಲ್ಲರ ಬದುಕನ್ನೂ ಅಳೆಯುತ್ತಿದ್ದಾರೆ ಎಂಬ ಟೀಕೆ ಬಂದಿತು. ಹೆನ್ರಿ ಡೇವಿಡ್ ಥೋರೋನಂತಹವನು ರೋಗಿಯಾಗಿ ಅಲ್ಲಿಗೆ ಬಂದಿದ್ದರೆ ಅವನಿಗೆ ಹಾಸಿಗೆ ದೊರೆಯುತ್ತಿರಲಿಲ್ಲವೆಂದು 1968ರಲ್ಲಿ ಇಬ್ಬರು ವಿದ್ವಾಂಸರು ವಾದಿಸಿದರು. ಥೋರೋ ಅವಿವಾಹಿತ, ಸ್ಥಿರವಾದ ಉದ್ಯೋಗವಿಲ್ಲದೆ ಕೊಳದ ದಡದ ಗುಡಿಸಲಿನಲ್ಲಿ ವಾಸಿಸಿದವನು, ತೆರಿಗೆ ಕೊಡದೆ ಸೆರೆಮನೆ ಸೇರಿದವನು. ಆದರೆ ಮಹಾತ್ಮ ಗಾಂಧಿಯವರು ಆದರದಿಂದ ಓದಿದ ಚಿಂತಕನೂ ಅವನೇ. ಮಾನವನ ನಿಜವಾದ ಬೆಲೆ ಅವನ ಕಾಲದವರ ಕಣ್ಣಿಗೆ ಕಾಣುವುದೆಂಬ ಭರವಸೆ ಏನು?

ಹಾಗಾದರೆ ಬೇರೆ ಯಾವ ಮಾರ್ಗವಿದ್ದಿತು? ಮೊದಲು ಬಂದವನಿಗೆ ಮೊದಲು ಕೊಡಬೇಕು ಅಥವಾ ಚೀಟಿಯೆತ್ತಬೇಕು, ಆಗ ಎಲ್ಲ ಜೀವಗಳೂ ಸಮಾನವೆಂಬ ತತ್ತ್ವವು ಉಳಿಯುತ್ತದೆ ಎಂದು ಕೆಲವು ನೀತಿಶಾಸ್ತ್ರಜ್ಞರು ಹೇಳಿದರು. ಎಳೆಯ ಮಕ್ಕಳ ತಾಯಿಯ ಪ್ರಾಣವನ್ನು ಚೀಟಿಗೆ ಒಪ್ಪಿಸುವುದು ವಿವೇಕವನ್ನೇ ಕೈಬಿಟ್ಟಂತೆ ಎಂಬುದು ಇತರರ ವಾದ. ಏಳು ಮಂದಿಯನ್ನು ದೂಷಿಸುವುದು ಸುಲಭ. ಆದರೆ ಅವರು ಸಮಿತಿಯಿಂದ ಎದ್ದುಹೋಗಿದ್ದರೆ ಆಯ್ಕೆಯೇನೂ ನಿಲ್ಲುತ್ತಿರಲಿಲ್ಲ. ಹಣವೋ ಪ್ರಭಾವವೋ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು.

ಅಷ್ಟರಲ್ಲಿ ಪ್ರೌಢಶಾಲೆಯ ಬಾಲಕಿಯೊಬ್ಬಳ ಹೆಸರು ಬಂದಿತು. ಕೇಂದ್ರದ ನಿಯಮದಂತೆ ವಯಸ್ಕರಿಗೆ ಮಾತ್ರ ಪ್ರವೇಶ, ಅವಳನ್ನು ಸೇರಿಸಲಿಲ್ಲ. ಸ್ಕ್ರಿಬ್ನರನು ನಿಯಮವನ್ನು ಮುರಿಯಲೂ ಇಲ್ಲ, ಕೈಕಟ್ಟಿ ಕುಳಿತುಕೊಳ್ಳಲೂ ಇಲ್ಲ. ಅದೇ ವಿಶ್ವವಿದ್ಯಾಲಯದ ಪರಮಾಣು ಎಂಜಿನಿಯರಿಂಗಿನ ಪ್ರಾಧ್ಯಾಪಕ ಆಲ್ಬರ್ಟ್ ಬ್ಯಾಬನೂ ಅವನೂ ಸೇರಿ, ಕೆಲವೇ ತಿಂಗಳುಗಳಲ್ಲಿ, ಮನೆಯಲ್ಲಿಯೇ ನಡೆಸಬಹುದಾದ ಯಂತ್ರವೊಂದನ್ನು ಸಿದ್ಧಪಡಿಸಿದರು. 1964ರಲ್ಲಿ ಆ ಬಾಲಕಿಗೆ ಮನೆಯಲ್ಲಿ ಚಿಕಿತ್ಸೆ ಆರಂಭವಾಯಿತು. ಇನ್ನೂ ಕೆಲವು ವರ್ಷ ಬದುಕುವ ಅವಕಾಶ ಅವಳಿಗೆ ದೊರೆಯಿತು. ಅವಳಿಗಾಗಿ ತೆರೆದ ಆ ದಾರಿಯಲ್ಲಿ ಮುಂದೆ ಅನೇಕರು ನಡೆದರು. ‘ಯಾರನ್ನು ಆರಿಸಬೇಕು?’ ಎಂಬ ಪ್ರಶ್ನೆಯೊಡನೆ ‘ಆರಿಸುವ ಅಗತ್ಯವೇ ಬಾರದಂತೆ ಏನು ಮಾಡಬೇಕು?’ ಎಂಬ ಪ್ರಶ್ನೆಯನ್ನೂ ಕೇಳಬೇಕೆಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಆ ಎರಡನೆಯ ಪ್ರಶ್ನೆಗೆ ವೈದ್ಯರೊಬ್ಬರೇ ಉತ್ತರ ಕೊಡಲಾರರು, ಸಮಾಜವು ಕೊಡಬೇಕು. 1971ರ ನವೆಂಬರ್ 4ರಂದು ಶೆಪ್ ಗ್ಲೇಝರ್ ಎಂಬ ರೋಗಿಯು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಡಯಾಲಿಸಿಸ್ ಯಂತ್ರಕ್ಕೆ ತನ್ನನ್ನು ಜೋಡಿಸಿಕೊಂಡು ಕುಳಿತು ತನ್ನಂತಹವರ ಅಳಲನ್ನು ಹೇಳಿಕೊಂಡನು. 1972ರ ಅಕ್ಟೋಬರ್ 30ರಂದು ಹೊಸ ಕಾನೂನು ಬಂದಿತು. ಅದರಂತೆ 1973ರ ಜುಲೈ 1ರಿಂದ ಆ ದೇಶದ ಬಹುಪಾಲು ಮೂತ್ರಪಿಂಡ ರೋಗಿಗಳ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ವಹಿಸಿಕೊಂಡಿತು. ಏಳು ಮಂದಿಯ ತಕ್ಕಡಿಗೆ ಕೆಲಸವಿಲ್ಲದಂತಾಯಿತು.

ಧರ್ಮಸಂಕಟವು ಮಾತ್ರ ಮುಗಿದಿಲ್ಲ, ರೂಪವನ್ನು ಬದಲಿಸಿದೆ. ಭಾರತದಲ್ಲಿ ಬಡ ರೋಗಿಗಳಿಗೆ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವು 2016ರಲ್ಲಿ ಆರಂಭವಾಯಿತು. ಆದರೆ ಯಂತ್ರಗಳನ್ನು ಹೆಚ್ಚಿಸಿದಂತೆ ಕಸಿಗೆ ಬೇಕಾದ ಮೂತ್ರಪಿಂಡಗಳನ್ನು ಕಾರ್ಖಾನೆಯಲ್ಲಿ ಹೆಚ್ಚಿಸಲಾಗದು. ಬಡವನ ಅಂಗವು ಬಲ್ಲಿದನ ಸರಕಾಗಬಾರದೆಂದು 1994ರ ಮಾನವ ಅಂಗಾಂಗ ಕಸಿ ಕಾಯಿದೆಯು ಅಂಗಗಳ ಮಾರಾಟವನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಮೃತರಿಂದ ದಾನವಾಗಿ ಬಂದ ಅಂಗಗಳನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆಯು ಹೆಸರು ನೋಂದಾಯಿಸಿದವರ ಪಟ್ಟಿಯಿಂದ ನಿಯಮಾನುಸಾರವಾಗಿ ಹಂಚುತ್ತದೆ. ರಕ್ತದ ಗುಂಪು ಹೊಂದುವುದೇ, ರೋಗಿಯು ಎಷ್ಟು ಕಾಲದಿಂದ ಕಾದಿದ್ದಾನೆ ಎಂಬಂತಹ ವಿಷಯಗಳು ಅಲ್ಲಿ ಮುಖ್ಯವೇ ಹೊರತು, ಅವನು ಸಮಾಜಕ್ಕೆ ಎಷ್ಟು ಬೆಲೆಯುಳ್ಳವನು ಎಂಬುದಲ್ಲ.

ಧರ್ಮಸಂಕಟಕ್ಕೆ ಸಿದ್ಧವಾದ ಮದ್ದಿಲ್ಲ. ಆದರೂ ಸಿಯಾಟಲಿನ ಅನುಭವವು ಕೆಲವು ಸಂಗತಿಗಳನ್ನು ಕಲಿಸುತ್ತದೆ. ಕಠಿಣವಾದ ನಿರ್ಣಯವನ್ನು ಒಬ್ಬನೇ ಕೈಗೊಳ್ಳಬಾರದು. ನಿರ್ಣಯದ ನಿಯಮಗಳು ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ರೋಗದ ಸ್ಥಿತಿಯನ್ನು ಅಳೆಯಬಹುದು, ರೋಗಿಯ ಯೋಗ್ಯತೆಯನ್ನು ಅಳೆಯಹೊರಡಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಇಂದು ಕೈಬಿಡಬೇಕಾಗಿ ಬಂದವನನ್ನು ಮರೆಯದೆ, ನಾಳೆ ಅಂತಹವನನ್ನು ಕೈಬಿಡದಿರಲು ದುಡಿಯಬೇಕು. ವೈದ್ಯಧರ್ಮವು ಉಳಿದಿರುವುದು ಆ ದುಡಿಮೆಯಲ್ಲಿಯೇ.

ಅಭ್ಯಾಸ

1. ಮೂತ್ರಪಿಂಡಗಳು ಮಾಡುವ ಕೆಲಸವೇನು?
2. ಕೋಲ್ಫನ ಯಂತ್ರಕ್ಕಿದ್ದ ಮಿತಿ ಯಾವುದು? ಸ್ಕ್ರಿಬ್ನರನು ಅದನ್ನು ಹೇಗೆ ನಿವಾರಿಸಿದನು?
3. ಕೋಲ್ಫನ ಮುಂದಿದ್ದ ಪರಿಸ್ಥಿತಿಗೂ ಸಿಯಾಟಲಿನ ವೈದ್ಯರ ಮುಂದಿದ್ದ ಪರಿಸ್ಥಿತಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
4. ಥೋರೋನ ಉದಾಹರಣೆಯಿಂದ ಸಮಿತಿಯ ಯಾವ ದೋಷವು ವ್ಯಕ್ತವಾಗುತ್ತದೆ?
5. ‘ಸಂಕಟಕ್ಕೆ ಕಾರಣವಾದುದು ಅವರ ಸೋಲಲ್ಲ, ಅವರ ಗೆಲುವು’ — ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
6. ಸಮಿತಿಯಿಂದ ಆಯ್ಕೆ, ಚೀಟಿಯೆತ್ತುವುದು — ಇವೆರಡರಲ್ಲಿ ಯಾವುದು ನ್ಯಾಯವೆಂದು ನಿಮಗೆ ತೋರುತ್ತದೆ? ಕಾರಣಗಳೊಡನೆ ಒಂದು ಪುಟ ಬರೆಯಿರಿ.