ಗ್ರೀಕ್ ಪೂರ್ವಪದಗಳು ಮತ್ತು ಕನ್ನಡ ಮಾಧ್ಯಮದ ವಿದ್ಯಾರ್ಥಿ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತ ವಿದ್ಯಾರ್ಥಿಗಳು ಪದವಿಪೂರ್ವ ಹಂತದಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಎದುರಿಸಬೇಕಾಗುವುದು ಚಾಮರಾಜನಗರ ಜಿಲ್ಲೆಯಂತಹ ಪ್ರದೇಶಗಳಲ್ಲಿ ಇಂದಿಗೂ ಸಾಮಾನ್ಯ ಸಂಗತಿ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯ ವಿದ್ಯಾರ್ಥಿಯೊಬ್ಬನನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. 'ದ್ಯುತಿಸಂಶ್ಲೇಷಣೆ'ಯನ್ನು ಬಾಯಿಪಾಠ ಮಾಡಿ ಬಂದವನಿಗೆ 'ಫೋಟೋಸಿಂಥೆಸಿಸ್' ಎಂಬುದು ಇನ್ನೊಂದು ಬಾಯಿಪಾಠವಾಗುತ್ತದೆ. ವಿಷಯವನ್ನು ಬಲ್ಲವನೇ ಪದದ ಮುಂದೆ ತಡವರಿಸುತ್ತಾನೆ.

ಈ ಎರಡು ಪದಗಳನ್ನು ಬಿಡಿಸಿ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇರಿಸಿದರೆ ಬೇರೆಯೇ ಚಿತ್ರ ಮೂಡುತ್ತದೆ. ಗ್ರೀಕಿನಲ್ಲಿ 'ಫೋಟೋ' ಬೆಳಕು, ಅಂದರೆ ದ್ಯುತಿ. 'ಸಿನ್' ಜೊತೆಗೆ, ಅಂದರೆ ಸಂ. 'ಥೆಸಿಸ್' ಇರಿಸುವಿಕೆ, ಅದರ ಸ್ಥಾನದಲ್ಲಿ ಕೂಡಿಸುವಿಕೆ ಎಂಬರ್ಥದ ಶ್ಲೇಷಣೆ. ಕನ್ನಡದ ಪದವು ಗ್ರೀಕಿನ ಘಟಕಗಳನ್ನು ಒಂದೊಂದಾಗಿ ಅನುಸರಿಸಿ ರಚಿತವಾದುದು. ಸೂಕ್ಷ್ಮದರ್ಶಕ–ಮೈಕ್ರೋಸ್ಕೋಪ್, ದೂರದರ್ಶಕ–ಟೆಲಿಸ್ಕೋಪ್ ಎಂಬ ಜೋಡಿಗಳೂ ಹೀಗೆಯೇ. ('ಟೆಲಿವಿಷನ್' ಎಂಬಲ್ಲಿ ಗ್ರೀಕಿನ ತಲೆಗೆ ಲ್ಯಾಟಿನಿನ ಮುಂಡ ಅಂಟಿಕೊಂಡಿದೆ, ನಮ್ಮ 'ದೂರದರ್ಶನ' ಈ ಬೆರಕೆಯಿಂದ ಪಾರಾಗಿದೆ.)

ಕೆಲವೆಡೆ ಸಂಬಂಧವು ಅರ್ಥಸಾಮ್ಯವನ್ನೂ ಮೀರಿದ್ದು. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾಕುಲಕ್ಕೆ ಸೇರಿದವಾದ್ದರಿಂದ 'ಪೆರಿ' ಮತ್ತು 'ಪರಿ' ಜ್ಞಾತಿಪದಗಳು. ನಿಷೇಧಾರ್ಥದ ರೂಪಗಳಂತೂ ನಿಯಮದಲ್ಲೂ ಒಂದಾಗಿವೆ. ನಞ್ ಸಮಾಸದಲ್ಲಿ ವ್ಯಂಜನದ ಹಿಂದೆ 'ಅ', ಸ್ವರದ ಹಿಂದೆ 'ಅನ್' ಬರುವುದನ್ನು ಅಜ್ಞಾನ, ಅನಾದಿ ಎಂಬ ಪದಗಳಲ್ಲಿ ಕಾಣುತ್ತೇವೆ. ಕತ್ತರಿಸಲಾಗದ್ದು ಎಂಬರ್ಥದ 'ಆಟಮ್', ಆಳುವವರಿಲ್ಲದ ಸ್ಥಿತಿಯಾದ 'ಅನಾರ್ಕಿ' ಇವೂ ಅದೇ ನಿಯಮಕ್ಕೆ ಒಳಪಟ್ಟಿವೆ. ಕನ್ನಡ ವ್ಯಾಕರಣದ ತರಗತಿಯಲ್ಲಿ ಕಲಿತ ಪಾಠವೊಂದು ಇಂಗ್ಲಿಷ್ ತರಗತಿಯಲ್ಲಿ ಹೀಗೆ ಕೆಲಸಕ್ಕೆ ಬರಬಲ್ಲದು.

ಇಲ್ಲಿ 'ಹ'ಕಾರದ ಸಂಗತಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಸಂಸ್ಕೃತದ ಪದಾದಿ 'ಸ'ಕಾರಕ್ಕೆ ಪ್ರತಿಯಾಗಿ ಗ್ರೀಕಿನಲ್ಲಿ ಬಹುಮಟ್ಟಿಗೆ 'ಹ'ಕಾರ ಬರುತ್ತದೆ: ಸಪ್ತ–ಹೆಪ್ಟ, ಸಮ–ಹೋಮೊ. ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದುದನ್ನು ಬಲ್ಲವರಿಗೆ ವ್ಯಂಜನವೊಂದು 'ಹ' ಆಗುವುದು ಅಪರಿಚಿತವೇನಲ್ಲ. ಇನ್ನು ಆಸ್ಪತ್ರೆಯ ಚೀಟಿಗಳಲ್ಲಿ ಕಾಣುವ, ಮಕ್ಕಳು ಸದಾ ಅದಲುಬದಲು ಮಾಡಿಕೊಳ್ಳುವ 'ಹೈಪರ್', 'ಹೈಪೊ'ಗಳ ವಿಚಾರ. ಇವುಗಳ ಪ್ರಾಚೀನ ಗ್ರೀಕ್ ರೂಪ 'ಹುಪೆರ್', 'ಹುಪೊ'. ಹಳೇ ಮೈಸೂರಿನ ಹಳ್ಳಿಗಳ ಆಡುಮಾತಿನಲ್ಲಿ 'ಹಾಲು' 'ಆಲು' ಆಗುವಂತೆ ಇಲ್ಲಿಯೂ 'ಹ'ವನ್ನು ಕೈಬಿಟ್ಟರೆ ಉಳಿಯುವುದು 'ಉಪೆರ್', 'ಉಪೊ'. ಇವು ಉಪರಿ, ಉಪ ಎಂಬ ರೂಪಗಳ ಜ್ಞಾತಿಗಳೇ. ಮೇಲಿನದು ಉಪರಿ; ಕೆಳಗಿನದು, ಉಪನದಿ ಉಪಾಧ್ಯಕ್ಷರಲ್ಲಿರುವಂತೆ, ಉಪ. ಹೈಪರ್‌ಥೈರಾಯ್ಡ್, ಹೈಪೊಥೈರಾಯ್ಡ್‌ಗಳ ವ್ಯತ್ಯಾಸ ಇಷ್ಟರಿಂದಲೇ ಮನಸ್ಸಿನಲ್ಲಿ ನಿಲ್ಲುತ್ತದೆ. ತರಗತಿಯಲ್ಲಿ ನಗೆಗೆ ಗುರಿಯಾಗುವ ಉಚ್ಚಾರಣೆಯೇ ಇಲ್ಲಿ ನೆನಪಿನ ಕೀಲಿಯಾಗಿದೆ.

ಇದಕ್ಕೆ ಒಂದು ಆಕ್ಷೇಪವಿದೆ ಮತ್ತು ಅದು ಬಲವಾದುದೇ. ಸಂಸ್ಕೃತಮೂಲದ ಪದಗಳೇ ಮಕ್ಕಳಿಗೆ ಹೊರೆಯಾಗಿರುವಾಗ ಅವುಗಳ ಮೂಲಕ ಗ್ರೀಕನ್ನು ತಿಳಿಸುವುದೆಂತು? 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಬರೆದ ಡಿ. ಎನ್. ಶಂಕರ ಭಟ್ಟರ ಚಿಂತನೆಯ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 'ದ್ಯುತಿ' ಎಂದರೇನೆಂದು ಯಾರೂ ಹೇಳದಿದ್ದರೆ ಮೇಲಿನ ಸಮೀಕರಣ ನಿಷ್ಫಲ. ಆದರೆ ಅಚ್ಚಗನ್ನಡವೂ ಈ ಕೆಲಸವನ್ನು ಅಷ್ಟೇ ಸಮರ್ಥವಾಗಿ ಮಾಡಬಲ್ಲದೆಂಬುದಕ್ಕೆ ಗಣಿತದ 'ಸುತ್ತಳತೆ'ಯೇ ಸಾಕ್ಷಿ. 'ಪೆರಿ' ಸುತ್ತು, 'ಮೆಟ್ರಾನ್' ಅಳತೆ. 'ಪೆರಿಮೀಟರ್' ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಬಿಡಿಸುವುದು ಕಷ್ಟ. ಲ್ಯಾಟಿನ್ ಸಹ ಗ್ರೀಕಿನ 'ಪೆರಿಫೆರಿಯಾ'ವನ್ನು ಹೀಗೆಯೇ ಬಿಡಿಸಿ 'ಸರ್ಕಮ್‌ಫರೆನ್ಸ್' ಆಗಿಸಿಕೊಂಡಿತು. ನಾವು ಅದನ್ನು 'ಪರಿಧಿ' ಎನ್ನುತ್ತೇವೆ.

ವಿಧಾನಕ್ಕೆ ಮಿತಿಗಳೂ ಉಂಟು. 'ಆನೋಡ್'ನಲ್ಲಿರುವುದು ನಿಷೇಧದ 'ಅನ್' ಅಲ್ಲ, ಮೇಲಕ್ಕೆ ಎಂಬರ್ಥದ 'ಅನ'. 1834ರಲ್ಲಿ ವಿಲಿಯಂ ಹ್ಯೂಯೆಲ್ ಸೂಚಿಸಿ ಮೈಕೆಲ್ ಫ್ಯಾರಡೆ ಬಳಕೆಗೆ ತಂದ ಈ ಪದಕ್ಕೆ 'ಮೇಲ್ದಾರಿ' ಎಂದರ್ಥ. 'ಹೋಮೋಜೀನಿಯಸ್'ನ 'ಹೋಮೊ' ಗ್ರೀಕಿನದು, ಸಮ ಎಂಬರ್ಥದ್ದು. 'ಹೋಮೊ ಸೇಪಿಯನ್ಸ್'ನ 'ಹೋಮೊ' ಲ್ಯಾಟಿನಿನದು, ಮನುಷ್ಯನೆಂಬರ್ಥದ್ದು. ಇಂತಹ ಕಡೆಗಳಲ್ಲಿ ಊಹೆಯನ್ನು ಬಿಟ್ಟು ನಿಘಂಟನ್ನೇ ತೆರೆಯಬೇಕಾಗುತ್ತದೆ.