ಎರಡು ಫೇಸಿನ ನಡುವೆ 12 ವೋಲ್ಟ್!

ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ದೇವಿಕೊಪ್ಪದ ಕಡೆ ಜೋರು ಗಾಳಿ ಬೀಸಿತು. ಮಳೆ ಮಾತ್ರ ನಾಲ್ಕು ಹನಿ. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ತ್ರೀ ಫೇಸ್ ವೇಳೆಗೆ ಕಬ್ಬಿಗೆ ನೀರು ಬಿಡಲು ಹೋದೆ. ಸ್ಟಾರ್ಟರ್ ಡಬ್ಬಿಯ ಮೂರು ದೀಪಗಳಲ್ಲಿ ಒಂದು ಚೆನ್ನಾಗಿ ಉರಿಯುತ್ತಿತ್ತು, ಉಳಿದೆರಡು ಮಿಣಿಮಿಣಿ. ಗುಂಡಿ ಒತ್ತಿದರೆ ಸ್ಟಾರ್ಟರ್ ಹಿಡಿಯಲೇ ಇಲ್ಲ.

ಅಷ್ಟರಲ್ಲಿ ಬದುವಿನ ಆಚೆಯ ಹೊಲದವರು ತಮ್ಮ ಮೋಟರ್ ಚಾಲೂ ಮಾಡಿದರು. ಅವರ ಸ್ಟಾರ್ಟರ್ ಹಿಡಿಯಿತು. ಆದರೆ ನೀರು ಬರಲಿಲ್ಲ, ಆಂಪಿಯರ್ ಮುಳ್ಳು ಕೊನೆಗೆ ಹೋಗಿ ನಿಂತಿತು. “ಕಾಕಾ, ಬಂದ್ ಮಾಡ್ರೀ, ಸುಡತೈತಿ” ಎಂದು ಕೂಗಿದೆ. ಪುಣ್ಯಕ್ಕೆ ತಕ್ಷಣ ಬಂದ್ ಮಾಡಿದರು. ಒಂದೇ ಟಿ.ಸಿ., ಒಂದೇ ಲೈನು. ಒಬ್ಬರ ಸ್ಟಾರ್ಟರ್ ಹಿಡಿಯುತ್ತದೆ, ಇನ್ನೊಬ್ಬರದು ಹಿಡಿಯುವುದಿಲ್ಲ. ಇದೆಂಥ ಆಟ?

ಮೀಟರ್ ತಂದು ಅಳೆದೆ. ನ್ಯೂಟ್ರಲ್‌ಗೆ ಕೆಂಪು 238, ಹಳದಿ 112, ನೀಲಿ 124. ಫೇಸ್ ಫೇಸ್ ನಡುವೆ: ಕೆಂಪು-ಹಳದಿ 350, ಕೆಂಪು-ನೀಲಿ 362, ಹಳದಿ-ನೀಲಿ ಬರೇ 12. ಹಳದಿ, ನೀಲಿ ಎರಡಕ್ಕೂ ಟೆಸ್ಟರ್ ಹಚ್ಚಿದರೆ ಉರಿಯುತ್ತದೆ, ಎರಡರ ನಡುವೆ ಮಾತ್ರ ಏನೂ ಇಲ್ಲ! ಮೊದಲು ಅನಿಸಿದ್ದು ಮೀಟರ್ ಕೆಟ್ಟಿದೆ ಎಂದು. ಆಮೇಲೆ, ಗಾಳಿಗೆ ಎರಡು ತಂತಿ ಕೂಡಿಕೊಂಡಿವೆ ಎಂದು. ಎರಡೂ ತಪ್ಪು. ಆ ಆರು ಸಂಖ್ಯೆಗಳನ್ನು ಕೂಡಿಸಿ, ಕಳೆದು ನೋಡಿ. 112ಕ್ಕೆ 124 ಕೂಡಿಸಿದರೆ 236, ಅಂದರೆ ಹೆಚ್ಚುಕಡಿಮೆ ಕೆಂಪಿನಷ್ಟೇ. 124ರಲ್ಲಿ 112 ಕಳೆದರೆ 12. ಕೆಟ್ಟ ಮೀಟರ್ ಇಷ್ಟು ಅಚ್ಚುಕಟ್ಟು ಲೆಕ್ಕ ಕೊಡುವುದಿಲ್ಲ.

ಇದು ಅರ್ಥವಾಗಲು ಟಿ.ಸಿ.ಯ ಒಳಗೆ ಏನಿದೆ ಎಂದು ತಿಳಿಯಬೇಕು. ನಮ್ಮ ಹೊಲಗಳ ಟಿ.ಸಿ. 11 ಸಾವಿರ ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಎಚ್.ಟಿ. ಕಡೆಯ ಮೂರು ಸುರುಳಿಗಳನ್ನು ತ್ರಿಕೋನದಂತೆ ಜೋಡಿಸಿರುತ್ತಾರೆ. ಪ್ರತಿ ಸುರುಳಿಯೂ ಎರಡು ಎಚ್.ಟಿ. ತಂತಿಗಳ ನಡುವೆ ಇರುತ್ತದೆ. ಆ ಬದಿಯಲ್ಲಿ ನ್ಯೂಟ್ರಲ್ ಇಲ್ಲ. ಕೆಳಗಿನ ಎಲ್.ಟಿ. ಸುರುಳಿಗಳ ಒಂದೊಂದು ತುದಿ ಕೂಡಿ ನ್ಯೂಟ್ರಲ್ ಆಗುತ್ತದೆ, ಇನ್ನೊಂದು ತುದಿ ನಮಗೆ ಬರುವ ಫೇಸ್.

ಈಗ ಮೂರು ಎಚ್.ಟಿ. ತಂತಿಗಳಲ್ಲಿ ಒಂದು ಕಡಿಯಿತು ಎನ್ನಿ. ಒಂದು ಸುರುಳಿಗೆ ಅದರ ಎರಡೂ ತಂತಿ ಉಳಿದಿವೆ, ಅದಕ್ಕೆ ಪೂರ್ತಿ ವೋಲ್ಟೇಜ್. ಉಳಿದ ಎರಡು ಸುರುಳಿಗಳು ಒಂದರ ಹಿಂದೆ ಒಂದಾಗಿ ಅದೇ ಎರಡು ತಂತಿಗಳ ನಡುವೆ ಸಿಗುತ್ತವೆ. ಒಬ್ಬರ ಊಟವನ್ನು ಇಬ್ಬರು ಹಂಚಿಕೊಂಡಂತೆ ಅವು ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಕೆಳಗೆ ಒಂದು ಫೇಸ್ 240, ಎರಡು ಫೇಸ್ ಸುಮಾರು 120. ಪಾಲು ಯಾವಾಗಲೂ ಸಮನಾಗಿರುವುದಿಲ್ಲ. ಯಾವ ಫೇಸಿನ ಮೇಲೆ ಲೋಡ್ ಹೆಚ್ಚೋ ಅದು ಇಳಿಯುತ್ತದೆ, ಜೋಡಿ ಏರುತ್ತದೆ. 80 ಮತ್ತು 160 ಕೂಡ ಬರಬಹುದು. ಮೊತ್ತ ಮಾತ್ರ ಮೊದಲನೆಯದರ ಸಮೀಪ ಇರುತ್ತದೆ.

ಎಲ್ಲ ಸರಿಯಿದ್ದಾಗ ಮೂರು ಫೇಸ್ ಒಂದರ ಬಳಿಕ ಒಂದು ಏರಿಳಿಯುತ್ತವೆ, ಹಾಗಾಗಿ ಎರಡರ ನಡುವೆ 240ರ 1.73 ಪಟ್ಟು, ಅಂದರೆ 415 ಸಿಗುತ್ತದೆ. ಈಗ ಹಂಚಿಕೊಂಡ ಎರಡು ಫೇಸ್ ಜೊತೆಜೊತೆಗೇ ಏರಿ ಜೊತೆಗೇ ಇಳಿಯುತ್ತವೆ. ಪೂರ್ತಿ ಫೇಸ್ ಅವಕ್ಕೆ ಸರಿಯಾಗಿ ಎದುರು. ಅದಕ್ಕೇ ಅವುಗಳ ನಡುವೆ ವ್ಯತ್ಯಾಸವಷ್ಟೇ ಕಾಣುತ್ತದೆ, ಪೂರ್ತಿ ಫೇಸಿನ ಜೊತೆ ಅಳೆದರೆ ಕೂಡಿ 350, 360 ಆಗುತ್ತದೆ.

ಸ್ಟಾರ್ಟರ್ ಆಟವೂ ಇಲ್ಲಿಯೇ ಬಿಡಿಸಿತು. ನನ್ನ ಸ್ಟಾರ್ಟರಿನ ಕಾಯಿಲ್ ಹಳದಿ-ನೀಲಿಗೆ ಜೋಡಿಸಿದ್ದು, ಅದಕ್ಕೆ ಸಿಕ್ಕಿದ್ದು 12 ವೋಲ್ಟ್. ಕಾಕಾ ಅವರದು ಕೆಂಪು-ಹಳದಿಗೆ, 350 ಸಿಕ್ಕಿತು, ಹಿಡಿಯಿತು. ಮೋಟರಿಗೆ ಮಾತ್ರ ತಿರುಗುವ ಬಲ ಹುಟ್ಟಲಿಲ್ಲ. ಹಾಗೆಯೇ ಬಿಟ್ಟಿದ್ದರೆ ವೈಂಡಿಂಗ್ ಕರಗುತ್ತಿತ್ತು. ಕಂಡೆನ್ಸರ್ ಹಚ್ಚಿ ಎರಡು ಫೇಸಿನಲ್ಲಿ ಓಡಿಸಲು ಅವರು ಸಿಂಗಲ್ ಫೇಸ್ ಪ್ರಿವೆಂಟರ್ ಬಿಚ್ಚಿಟ್ಟಿದ್ದರು. ಹೀಗೆ ಮಾಡುವವರು ಬಹಳ ಮಂದಿ. ಅವರನ್ನು ಬೈಯಲು ನನಗೆ ಮುಖವಿಲ್ಲ, ನಾನೂ ಮಾಡಿದ್ದೆ.

ಅದರ ಕಥೆ ಹೀಗೆ. ಎರಡು ವರ್ಷದ ಕೆಳಗೆ ನೀಲಿ ತಂತಿಯಲ್ಲಿ ಮೀಟರ್ 90 ವೋಲ್ಟ್ ತೋರಿಸಿತು. “ವೋಲ್ಟೇಜ್ ಕಡಿಮೆ ಐತಿ, ಆಮೇಲೆ ಏರತೈತಿ” ಎಂದುಕೊಂಡು ಕಂಡೆನ್ಸರ್ ಮೇಲೆ ಮೋಟರ್ ಓಡಿಸಿದೆ. 5 ಎಚ್.ಪಿ. ಮೋಟರ್ ಸುಟ್ಟಿತು. ಬೋರಿನಿಂದ ಎತ್ತಿ, ರಿವೈಂಡಿಂಗ್ ಮಾಡಿಸಿ, ಇಳಿಸುವ ಹೊತ್ತಿಗೆ ಹನ್ನೊಂದು ದಿನ ಹೋದವು, ಕಬ್ಬು ಬಾಡಿತು. ನಿಜವಾಗಿ ಆ ತಂತಿಯಲ್ಲಿ ಏನೂ ಇರಲಿಲ್ಲ. ಡಿಜಿಟಲ್ ಮೀಟರ್ ಎಳೆದುಕೊಳ್ಳುವ ಕರೆಂಟ್ ಬಹಳ ಅಲ್ಪ. ಜೀವಂತ ತಂತಿಯ ಪಕ್ಕ ಉದ್ದಕ್ಕೂ ಮಲಗಿದ ಸತ್ತ ತಂತಿಯಲ್ಲೂ ಅದು 40, 60, 90 ಎಂದು ತೋರಿಸಿಬಿಡುತ್ತದೆ. ನಿಯಾನ್ ಟೆಸ್ಟರೂ ಮಿಣುಕುತ್ತದೆ.

ಸುಳ್ಳು ವೋಲ್ಟೇಜನ್ನು ಹಿಡಿಯಲು ಹಳೆಯ 60 ವ್ಯಾಟ್ ತಂತಿಬಲ್ಬ್ ಸಾಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಲ್ಬ್ ಹಚ್ಚಿ, ಜೊತೆಗೇ ಮೀಟರ್ ಇಡಿ. ರೀಡಿಂಗ್ ಸೊನ್ನೆಗೆ ಕುಸಿದರೆ ಅದು ಸುಳ್ಳು. ಬಲ್ಬ್ ಮಂಕಾಗಿ ಉರಿದು ರೀಡಿಂಗ್ ನಿಂತರೆ ನಿಜವಾದ ಅರ್ಧ ವೋಲ್ಟೇಜ್. ಈ ಸಲ ಹಳದಿ, ನೀಲಿ ಎರಡರಲ್ಲೂ ಬಲ್ಬ್ ಮಂಕಾಗಿ ಉರಿಯಿತು. ಎಲ್.ಇ.ಡಿ. ಬಲ್ಬ್ ಈ ಕೆಲಸಕ್ಕೆ ಬಾರದು, ಸುಳ್ಳು ವೋಲ್ಟೇಜಿಗೂ ಅದು ಮಿನುಗಬಹುದು. ಫೇಸ್ ಫೇಸ್ ನಡುವೆ ನೋಡುವುದಾದರೆ ಒಂದೇ ವ್ಯಾಟಿನ ಎರಡು ಬಲ್ಬ್‌ಗಳನ್ನು ಸಾಲಾಗಿ ಜೋಡಿಸಲೇಬೇಕು. ಒಂದೇ ಹಚ್ಚಿದರೆ ಮುಖದ ಮುಂದೆ ಸಿಡಿಯುತ್ತದೆ.

ಬೇರೆ ದೋಷಗಳ ಗುರುತು ಬೇರೆ. ಟಿ.ಸಿ. ಬುಡದ ಎಲ್.ಟಿ. ಫ್ಯೂಸ್ ಒಂದು ಹೋದರೆ ಎರಡು ಫೇಸ್ 240, ಒಂದು ಸೊನ್ನೆ. ಒಳ್ಳೆಯ ಎರಡರ ನಡುವೆ 415 ಹಾಗೆಯೇ ಇರುತ್ತದೆ. ಆದರೆ ಅದೇ ಲೈನಿನಲ್ಲಿ ಯಾರದಾದರೂ ಮೋಟರ್ ಎರಡು ಫೇಸಿನ ಮೇಲೆ ತಿರುಗುತ್ತಿದ್ದರೆ ಅದು ಸತ್ತ ಫೇಸಿಗೂ ವೋಲ್ಟೇಜ್ ತಳ್ಳುತ್ತದೆ, 200 ಕಂಡರೂ ಆಶ್ಚರ್ಯವಿಲ್ಲ. ಹಾಗಾಗಿ ಎಲ್ಲರ ಸ್ಟಾರ್ಟರ್ ಬಂದ್ ಮಾಡಿಸಿಯೇ ಅಳೆಯಬೇಕು. ಫೇಸ್ ಫೇಸ್ ನಡುವೆ ಎಲ್ಲ ಕಡೆ 415 ಇದ್ದು ನ್ಯೂಟ್ರಲ್‌ಗೆ ಮಾತ್ರ 300, 170 ಎಂದು ಹೊಯ್ದಾಡಿದರೆ ನ್ಯೂಟ್ರಲ್ ಕಡಿದಿದೆ. ಆಗ ನ್ಯೂಟ್ರಲ್ ತಂತಿಯೂ ಮುಟ್ಟಿದರೆ ಹೊಡೆಯುತ್ತದೆ.

ಸಬ್‌ಸ್ಟೇಷನ್ನಿನಲ್ಲಿ ಮೀಟರಿಗಾಗಿ 11 ಸಾವಿರವನ್ನು 110 ವೋಲ್ಟಿಗೆ ಇಳಿಸುವ ಪಿ.ಟಿ. ಎಂಬ ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರ ಫ್ಯೂಸ್ ಹೋದಾಗಲೂ ಹೀಗೆಯೇ ಸತ್ತ ಫೇಸಿನಲ್ಲಿ ಅರೆಬರೆ ವೋಲ್ಟೇಜ್ ಕಂಡು, ಅಳೆಯುವವರು ತಬ್ಬಿಬ್ಬಾಗುವುದುಂಟು.

ಲೈನ್‌ಮನ್‌ಗೆ ಫೋನ್ ಮಾಡಿ ಆರೂ ರೀಡಿಂಗ್ ಓದಿ ಹೇಳಿದೆ. “ಪಕ್ಕದ ಟಿ.ಸಿ. ಹೆಂಗೈತ್ರಿ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಲ್ಲಿಯೂ ಹೀಗೇ ಇದ್ದರೆ ದೋಷ ಇನ್ನೂ ಹಿಂದೆ, ಲೈನಿನಲ್ಲಿ. ಇಲ್ಲವೇ ಅದು ತ್ರೀ ಫೇಸ್ ವೇಳೆಯೇ ಅಲ್ಲ. ಅಲ್ಲಿ ಸರಿಯಿತ್ತು. ಅವರು ಬಂದು, ಲೈನ್ ಬಂದ್ ಮಾಡಿಸಿ ಹತ್ತಿದರು. ನಮ್ಮ ಟಿ.ಸಿ.ಯ ಮೇಲಿನ ಎಚ್.ಜಿ. ಫ್ಯೂಸ್ ಒಂದು ಕರಗಿತ್ತು. ಹಾಕಿದ ಮೇಲೆ 241, 239, 242. ನಡುವೆ ಮೂರೂ ಕಡೆ 415ರ ಆಸುಪಾಸು.

ಅಳೆಯುವುದು ನಮ್ಮ ಸ್ಟಾರ್ಟರ್ ಡಬ್ಬಿಯಲ್ಲಿ ಮಾತ್ರ. ಟಿ.ಸಿ. ಕಂಬ ಹತ್ತುವುದು, ಬಿದಿರುಕೋಲಿನಿಂದ ಫ್ಯೂಸ್ ತಟ್ಟುವುದು ಬೇಡವೇ ಬೇಡ. ಲೈನ್‌ಮನ್ ಸಿಗದಿದ್ದರೆ 1912ಕ್ಕೆ ಫೋನ್ ಮಾಡಿ. ಒಣ ನೆಲ, ಕಾಲಲ್ಲಿ ಚಪ್ಪಲಿ, ಮೀಟರಿನ ಮುಳ್ಳು ಎ.ಸಿ. 600 ಅಥವಾ 750ರಲ್ಲಿ. ಕೆಂಪು ವಾಯರ್ 10 ಆಂಪಿಯರ್ ತೂತಿನಲ್ಲಿ ಉಳಿದಿದ್ದರೆ ನೇರ ಶಾರ್ಟ್ ಆಗುತ್ತದೆ, ಅದನ್ನು ಪ್ರತಿ ಸಲ ನೋಡಿಕೊಳ್ಳಿ. ಮೀಟರಿನ ಸೆಲ್ ಇಳಿದಿದ್ದರೂ ರೀಡಿಂಗ್ ಎಡವಟ್ಟಾಗುತ್ತದೆ.

ಆರು ರೀಡಿಂಗಿನ ಕಾಗದವನ್ನು ಸ್ಟಾರ್ಟರ್ ಡಬ್ಬಿಯ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ಕಾಕಾ ಪ್ರಿವೆಂಟರ್ ಮತ್ತೆ ಕೂಡಿಸಿದ್ದಾರೆ. ಕಂಡೆನ್ಸರ್ ಇನ್ನೂ ಅಲ್ಲೇ ಮೊಳೆಗೆ ನೇತಾಡುತ್ತಿದೆ.