ಗಂಡುಕರು ಎಲ್ಲಿ ಹೋಯ್ತು, ಮಿಸ್?

ಬಿಸಿಯೂಟದ ಸಾಲಿನಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ಅನ್ನ ಸಾರು ಉಣ್ಣುತ್ತಿದ್ದಳು. ಮೊದಲ ದಿನ ಅದನ್ನು ಕಂಡು ನನಗೆ ಸಂತೋಷವಾಯಿತು. ಪಾಠ ಫಲಿಸಿತು ಅಂದುಕೊಂಡೆ. ಹಿಂದಿನ ವಾರವಷ್ಟೇ ತರಗತಿಯಲ್ಲಿ ನನ್ನ ಮೊಬೈಲಿನಿಂದ ಕೋಳಿ ಫಾರಂನ ವಿಡಿಯೊ ತೋರಿಸಿದ್ದೆ. ತಂತಿ ಪಂಜರಗಳ ಸಾಲು, ಒಂದೊಂದು ಕೋಳಿಗೆ ನೋಟ್‌ಬುಕ್ಕಿನ ಹಾಳೆಯಷ್ಟು ಜಾಗ, ರೆಕ್ಕೆ ಬಿಚ್ಚಲಿಕ್ಕೂ ಆಗದ ಬದುಕು. "ಇದನ್ನು ನೋಡಿದ ಮೇಲೂ ತಿನ್ನುತ್ತೀರಾ?" ಎಂದು ಕೇಳಿದ್ದೆ. ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಆ ತಗ್ಗಿದ ತಲೆಗಳನ್ನು ನಾನು ಕರುಣೆ ಎಂದು ಓದಿಕೊಂಡೆ.

ಎರಡು ವಾರ ಕಳೆದ ಮೇಲೆ ಅವಳ ತಾಯಿ ಶಾಲೆಗೆ ಬಂದರು. ಕೂಲಿಗೆ ಹೊರಟವರು ದಾರಿಯಲ್ಲಿ ನಿಂತು ಮಾತಾಡಿಸಿದ ಹಾಗಿತ್ತು. ಒಳಗೆ ಬಂದು ಕೂರಲಿಲ್ಲ. "ಮಗೀಗೆ ರಕ್ತ ಕಮ್ಮಿ ಅಂತ ಆಸ್ಪತ್ರೇಲಿ ಹೇಳವ್ರೆ ಮೇಡಂ. ಮನೇಲಿ ದಿನಾ ಮೊಟ್ಟೆ ತರಾಕೆ ನಮ್ ಕೈಲಾಗಾಕಿಲ್ಲ. ಇಸ್ಕೂಲಲ್ಲಿ ಕೊಡೋದೊಂದಿತ್ತು. ಅದ್ನೂ ಬುಡಿಸ್ಬುಟ್ರಾ?" ಎಂದರು. ನಾನು ಏನೋ ಸಮಜಾಯಿಷಿ ಹೇಳಹೊರಟೆ. ಅವರು ತಡೆದರು. "ನಿಮ್ಮೋರು ಮೊದ್ಲಿಂದ್ಲೂ ನಮ್ ತಟ್ಟೆ ನೋಡಿ ಮೂಗು ಮುರದೋರೇ ಬುಡಿ" ಎಂದು ಹೇಳಿ ಹೊರಟೇಹೋದರು.

ಇದು 2023ರ ಮಾತು. ಆಗ ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಮೊಟ್ಟೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ್ದರಿಂದ ಅದು ವಾರಕ್ಕೆ ಆರು ದಿನವಾಗಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ನಾನು ರಾಮನಗರ (ಈಗ ಬೆಂಗಳೂರು ದಕ್ಷಿಣ) ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹುಟ್ಟಿದ್ದು ಮೊಟ್ಟೆ ಮಾಂಸ ತಿನ್ನದ ಮನೆಯಲ್ಲಿ. ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ವೀಗನ್ ಆಗಿ ಹತ್ತಿರ ಹತ್ತಿರ ಹತ್ತು ವರ್ಷ. ನನ್ನದು ಪ್ರಾಣಿಗಳ ಮೇಲಿನ ಪ್ರೀತಿ, ಜಾತಿಯ ಮಡಿಯಲ್ಲ ಎಂದು ನನಗೆ ಗೊತ್ತಿತ್ತು. ಆ ತಾಯಿಗೆ ಹೇಗೆ ಗೊತ್ತಾಗಬೇಕು? ಈ ನಾಡಿನಲ್ಲಿ ಒಬ್ಬರು ಏನು ತಿನ್ನುವುದಿಲ್ಲ ಅನ್ನುವುದರಲ್ಲೇ ಅವರ ಮನೆತನದ ಗುರುತಿದೆ. ನಾನು ಮೊಟ್ಟೆಯ ಬಗ್ಗೆ ಬಾಯಿ ಬಿಟ್ಟ ಕೂಡಲೇ ನನ್ನ ಹಿಂದೆ ನಮ್ಮ ಅಜ್ಜ ಮುತ್ತಜ್ಜಂದಿರೆಲ್ಲ ಬಂದು ನಿಂತಿದ್ದರು. ಬೈಯಿಸಿಕೊಂಡು ಸುಮಾರು ದಿನವಾದ ಮೇಲೆ ನನಗೆ ಹೊಳೆದದ್ದು ಇಷ್ಟು: ಕರುಣೆಯ ಪಾಠವನ್ನು ಮಕ್ಕಳ ತಟ್ಟೆಯಿಂದ ಶುರುಮಾಡಬಾರದಿತ್ತು, ನನ್ನ ಮನೆಯ ತುಪ್ಪದ ಡಬ್ಬಿಯಿಂದ, ಅಮ್ಮನ ರೇಷ್ಮೆ ಸೀರೆಯಿಂದ ಶುರುಮಾಡಬೇಕಿತ್ತು.

ಆ ತಾಯಿ ಬಂದುಹೋದ ಮಾರನೆಯ ದಿನ ಊಟದ ಹೊತ್ತಿಗೆ ಹುಡುಗಿಯ ಪಕ್ಕ ಕೂತು ಮೊಟ್ಟೆ ತಿನ್ನು ಎಂದೆ. "ಕೋಳಿಗೆ ನೋವಾಗಲ್ವಾ ಮಿಸ್?" ಎಂದಳು. "ಆಗುತ್ತೆ. ನಾನು ಸುಳ್ಳು ಹೇಳಲಿಲ್ಲ. ಆದರೆ ನಿನ್ನ ಮೈಯಲ್ಲಿ ರಕ್ತ ತುಂಬಬೇಕು. ನೀನು ದೊಡ್ಡವಳಾಗಿ, ನಿನ್ನ ದುಡ್ಡಿನಲ್ಲಿ ಊಟ ಮಾಡುವಾಗ ಇದನ್ನು ಮತ್ತೆ ಯೋಚಿಸು" ಎಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಇನ್ನೊಂದಿಲ್ಲ.

ಮೊಬೈಲ್ ಒಳಗಿಟ್ಟೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇರುವ ಒಂದು ಜೀವಿಯ ಬಗ್ಗೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಹೇಳಿದೆ. ಉಪದೇಶವಿಲ್ಲ, ಅಂಕವಿಲ್ಲ. ಮೊದಲ ಕೆಲವು ವಾರ 'ನಾಯಿ ನಂಬಿಗಸ್ತ ಪ್ರಾಣಿ' ಎಂಬಂಥ ಪುಸ್ತಕದ ಸಾಲುಗಳೇ ಬಂದವು. ಆಮೇಲೆ ಒಬ್ಬ ಹುಡುಗ ನಾಲ್ಕೇ ಸಾಲು ಬರೆದುಕೊಟ್ಟ. ನಮ್ಮ ಸೀಮೆ ಹಸು ಗಂಡುಕರು ಹಾಕಿತು. ಗಿಣ್ಣು ತಿಂದೆವು. ಎರಡು ದಿನ ಬಿಟ್ಟು ಎದ್ದು ನೋಡಿದರೆ ಕರು ಇರಲಿಲ್ಲ. ಹಸು ಕೂಗುತ್ತಲೇ ಇತ್ತು. ಪುಸ್ತಕ ಕೈಗೆ ಕೊಡುತ್ತಾ ಮೆಲ್ಲಗೆ ಕೇಳಿದ: "ಗಂಡುಕರು ಎಲ್ಲಿ ಹೋಯ್ತು, ಮಿಸ್?"

ಅವನಿಗೆ ಉತ್ತರ ಗೊತ್ತಿತ್ತು. ಅದು ಅವನ ಕಣ್ಣಲ್ಲೇ ಇತ್ತು. ಅವನ ಅನುಮತಿ ಕೇಳಿ ತರಗತಿಗೆ ಓದಿ ಹೇಳಿದೆ. ಒಂದೊಂದೇ ಕೈ ಮೇಲೆದ್ದಿತು. ನಮ್ಮ ಮನೇಲೂ ಮಿಸ್, ನಮ್ಮ ಚಿಕ್ಕಪ್ಪನ ಮನೇಲೂ ಮಿಸ್. ಕಟ್ಟಿಹಾಕಿ ಹಾಲು ಬಿಡದೆ ಸೊರಗಿದ ಕರು, ರಾತ್ರಿ ಟೆಂಪೊದಲ್ಲಿ ಹೋದ ಕರು, ಊರಾಚೆ ಬಿಟ್ಟು ಬಂದ ಕರು. ನಾನು ವಿಡಿಯೊ ತೋರಿಸಿ ತಿಳಿಸಬೇಕೆಂದಿದ್ದ ಲೋಕವೆಲ್ಲ ಈ ಮಕ್ಕಳ ಕೊಟ್ಟಿಗೆಯಲ್ಲೇ ಇತ್ತು. ಅವರು ಅದನ್ನು ನನಗಿಂತ ಹತ್ತಿರದಿಂದ ನೋಡಿದ್ದರು. ಯಾರ ಹತ್ತಿರವೂ ಆಡಿರಲಿಲ್ಲ, ಅಷ್ಟೇ.

ನಂತರ ಕಾರಣಗಳನ್ನು ಬಿಡಿಸಿ ಹೇಳಿದೆ. ನಾಟಿ ಹಸುವಿನ ಗಂಡುಕರು ಎತ್ತಾಗಿ ಬೆಳೆದು ನೇಗಿಲು ಹೂಡುತ್ತಿದ್ದ ಕಾಲದಲ್ಲಿ ಮನೆಗೆ ಗಂಡುಕರು ಬಂದರೆ ಸಂಭ್ರಮವಿತ್ತು. ಸೀಮೆ ಹಸು ಬಂದದ್ದು ಹಾಲಿಗಾಗಿ. ಅದರ ಗಂಡುಕರುವಿಗೆ ನೊಗ ಕೂರುವಂಥ ಹಿಣಿಲಿಲ್ಲ, ಬಿಸಿಲು ತಡೆಯುವುದಿಲ್ಲ. ಉಳುವುದಕ್ಕೆ ಟ್ರ್ಯಾಕ್ಟರ್ ಇದೆ, ಹಸು ಕಟ್ಟಿಸಲಿಕ್ಕೆ ಡಾಕ್ಟರು ಸೂಜಿ ತರುತ್ತಾರೆ. ಕರು ಕುಡಿದ ಹಾಲು ಡೈರಿಗೆ ಹೋಗುವುದಿಲ್ಲ. ಡೈರಿಗೆ ಹೋಗದ ಹಾಲು ಬಟವಾಡೆಯಲ್ಲಿ ಬರುವುದಿಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಹಾಕಿದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಇಷ್ಟನ್ನು ಕಪ್ಪು ಹಲಗೆಯ ಮೇಲೆ ಬರೆದೆ. ನಾನು ಹಾಲು ಬಿಟ್ಟದ್ದು ಈ ಲೆಕ್ಕಕ್ಕಾಗಿ ಎಂದೂ ಹೇಳಿದೆ. ನೀವು ಬಿಡಿ ಎನ್ನಲಿಲ್ಲ. 2013ರಲ್ಲಿ ಶುರುವಾದ ಸರ್ಕಾರದ ಕ್ಷೀರಭಾಗ್ಯದ ಹಾಲು ಕುಡಿದು ತರಗತಿಗೆ ಬರುವ ಮಕ್ಕಳು ಅವರು. ಗಂಟೆ ಹೊಡೆದ ಮೇಲೆ ಆ ಹುಡುಗ ಹಿಂದೆ ಉಳಿದು, "ಅವತ್ತು ಅಪ್ಪನೂ ಉಣ್ಣಲಿಲ್ಲ ಮಿಸ್" ಎಂದ. ನಾನು ಖಳನಾಯಕನೆಂದು ಚಿತ್ರಿಸಬಹುದಾಗಿದ್ದ ಮನುಷ್ಯ ಅವತ್ತು ಉಂಡಿರಲಿಲ್ಲ.

ಆ ವರ್ಷ ಊರ ಜಾತ್ರೆಯಲ್ಲಿ ಹಸಿರು, ಗುಲಾಬಿ ಬಣ್ಣ ಬಳಿದ ಕೋಳಿಮರಿ ಮಾರಲು ಬಂದಿದ್ದರು. ಅವು ಯಾಕೆ ಅಷ್ಟು ಅಗ್ಗ ಎಂದು ಮಕ್ಕಳು ಕೇಳಿದರು. ಮೊಟ್ಟೆ ಕೋಳಿಯ ತಳಿಯಲ್ಲಿ ಹುಂಜದ ಮರಿ ಮೊಟ್ಟೆಯಿಡದು, ಮಾಂಸಕ್ಕೂ ಬೇಗ ಬಲಿಯದು, ಹ್ಯಾಚರಿಗೆ ಅದು ಬೇಡದ ಜೀವ ಎಂದೆ. ಗಂಡುಕರುವಿನ ಕತೆಯೇ ಇಲ್ಲೂ ಇದೆ ಎಂದು ಅವರೇ ಹೇಳಿದರು, ನಾನು ಆ ಮಾತು ತೆಗೆಯುವ ಮೊದಲೇ. ಹಿಂದಿನ ವರ್ಷ ಅಂಥ ಮರಿ ತಂದು ಎರಡೇ ದಿನದಲ್ಲಿ ಮಣ್ಣು ಮಾಡಿದ್ದ ಮೂವರು ಹುಡುಗರು ಆ ಸಲ ಕೊಳ್ಳಲಿಲ್ಲ.

ಇದೆಲ್ಲದರ ನಡುವೆ ಕಾನೂನಿನ ಮಾತೂ ಬಂತು. ಸಂವಿಧಾನದ 51ಎ ವಿಧಿ ಜೀವಿಗಳ ಬಗ್ಗೆ ಅನುಕಂಪ ಇರಬೇಕಾದ್ದು ನಾಗರಿಕರ ಕರ್ತವ್ಯ ಎನ್ನುತ್ತದೆ ಎಂದು ಹೇಳಿದಾಗ ಯಾರೂ ಅಲುಗಲಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ಎಂದಾಗ ಮಾತ್ರ ತರಗತಿ ಎದ್ದು ಕೂತಿತು. ನಾಯಿ ಬಾಲಕ್ಕೆ ಪಟಾಕಿ ಕಟ್ಟಿದವನಿಗೆ ಪಟಾಕಿಗಿಂತ ಕಮ್ಮಿ ದಂಡವಾ ಎಂದು ಒಬ್ಬಳು ಸಿಟ್ಟಾದಳು. ಬೀದಿ ನಾಯಿಯ ವಿಷಯದಲ್ಲಿ ನಾನು ದಯೆಗಿಂತ ಮೊದಲು ಕಲಿಸಿದ್ದು ರೇಬಿಸ್. ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಬೇಕು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಬೇಕು. ಹೆದರಿಕೆ ಇಳಿಯದ ಮಗುವಿನ ಕೈಯಿಂದ ಕಲ್ಲು ಇಳಿಯುವುದಿಲ್ಲ.

ಗೋವಿನ ಹಾಡಿನ ದಿನ ಒಂದು ಒಳ್ಳೆಯ ಜಗಳವಾಯಿತು. ಪುಣ್ಯಕೋಟಿಗೆ ಎಲ್ಲರೂ ಅತ್ತರು. ಒಬ್ಬ ಮಾತ್ರ ಅರ್ಬುತ ಹುಲಿಯ ಪರ ನಿಂತ. "ಹುಲಿ ಸೊಪ್ಪು ತಿಂದು ಬದುಕಕ್ಕಾಗುತ್ತಾ ಮಿಸ್? ಅದು ಯಾಕೆ ಸಾಯಬೇಕು?" ಅಲ್ಲಿಂದ ಹಲ್ಲು, ಕರುಳಿನ ಪಾಠಕ್ಕೆ ಹೋದೆವು. ಹುಲಿಗೆ ಬೇರೆ ದಾರಿಯಿಲ್ಲ, ಮನುಷ್ಯರಿಗಿದೆ, ಆದರೆ ಎಲ್ಲ ಮನುಷ್ಯರಿಗೂ ಒಂದೇ ಅಳತೆಯಲ್ಲಿಲ್ಲ. ಯಾವ ಮನೆಯಲ್ಲಿ ರಾಗಿ, ಹುರುಳಿ, ಕಡಲೆಕಾಯಿ, ನುಗ್ಗೆಸೊಪ್ಪು ಹೊಟ್ಟೆತುಂಬ ಸಿಗುತ್ತದೋ ಅಲ್ಲಿ ಮೊಟ್ಟೆ, ಮಾಂಸ ಬಿಡುವ ಮಾತು ಆಡಬಹುದು. ಅಲ್ಲೂ ಬಿ12 ಜೀವಸತ್ವ ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ, ನಾನು ಮಾತ್ರೆ ನುಂಗುತ್ತೇನೆ ಎಂದು ಹೇಳಿ ಮಾತ್ರೆಯ ಪಟ್ಟಿ ತೋರಿಸಿದೆ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ವೀಗನ್ ಊಟದ ಬಗ್ಗೆ ಹೇಳುವುದು ಮೋಸ ಎಂದೇ ನನ್ನ ನಂಬಿಕೆ.

ನಾನು ಹೆದರಿ ತಪ್ಪಿಸಿಕೊಳ್ಳುತ್ತಿದ್ದದ್ದು ರೇಷ್ಮೆಯ ಮಾತಿನಿಂದ. ಏಷ್ಯಾದಲ್ಲೇ ದೊಡ್ಡದೆಂಬ ಗೂಡಿನ ಮಾರುಕಟ್ಟೆ ನಮ್ಮ ಜಿಲ್ಲೆಯಲ್ಲಿದೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಬಟ್ಟೆ, ಪುಸ್ತಕ, ಹಬ್ಬ ಎಲ್ಲ ಹುಳುಮನೆಯಿಂದ ಬಂದದ್ದು. ಶಾಲಾ ವಾರ್ಷಿಕೋತ್ಸವದ ದಿನ ಎಲ್ಲ ಶಿಕ್ಷಕಿಯರೂ ರೇಷ್ಮೆ ಉಟ್ಟಿದ್ದರು, ನಾನೊಬ್ಬಳು ಹತ್ತಿ ಸೀರೆ. "ನೀವ್ಯಾಕೆ ಉಡಲ್ಲ ಮಿಸ್?" ಎಂದು ಒಬ್ಬ ಕೇಳಿಯೇ ಬಿಟ್ಟ. ಹುಳುಮನೆಯ ಹುಡುಗನೇ. ಕರುವಿನ ವಿಷಯದಲ್ಲಿ ನಿಜ ಹೇಳಿದವಳು ಇಲ್ಲಿ ಹೇಗೆ ಸುಮ್ಮನಿರಲಿ? ಗೂಡಿನೊಳಗೆ ಹುಳ ಜೀವಂತ ಇರುತ್ತೆ, ಅದನ್ನು ಬಿಸಿಯಲ್ಲಿ ಬೇಯಿಸಿ ನೂಲು ತೆಗೀತಾರೆ, ಅದಕ್ಕೆ ಎಂದೆ. ಅವನ ಮುಖ ಸಣ್ಣದಾಯಿತು. "ಹಂಗಾದ್ರೆ ನಮ್ಮಪ್ಪ ಪಾಪ ಮಾಡ್ತಾರಾ?"

"ಪಾಪ ಪುಣ್ಯದ ಲೆಕ್ಕ ನನಗೆ ಬರಲ್ಲ ಕಂದ" ಎಂದೆ. "ಹುಳ ನಾಲ್ಕನೇ ಜ್ವರ ಎದ್ದು ಪೊರೆ ಬಿಟ್ಟ ಮೇಲೆ ನಿಮ್ಮಪ್ಪ ರಾತ್ರಿಯೆಲ್ಲ ಎದ್ದೆದ್ದು ಹುಳಕ್ಕೆ ಸೊಪ್ಪು ಹಾಕೋದನ್ನ ನಾನು ನೋಡಿದೀನಿ. ಅಷ್ಟು ಜೋಪಾನ ಮಾಡೋದು ನನಗೆ ಗೊತ್ತಿಲ್ಲ. ಹುಳ ಸಾಯೋದೂ ನಿಜ, ನಿಮ್ಮನ್ನ ಸಾಕಬೇಕಾಗಿರೋದೂ ನಿಜ. ನನಗೂ ಇದು ಬಗೆಹರಿದಿಲ್ಲ." ಅವನು ಏನೂ ಹೇಳದೆ ಹೋದ. ಅವರ ಮನೆಯಿಂದಲೂ ಯಾರಾದರೂ ಬಂದಾರೆಂದು ನಾನು ವಾರವಿಡೀ ಕಾದೆ.

ಬಂದದ್ದು ಅವನೇ. ಟಿಫಿನ್ ಡಬ್ಬಿಯಲ್ಲಿ ಆರು ಗೂಡು. ಹುಳ ಗೂಡು ಕಟ್ಟುವ ಚಂದ್ರಂಕಿಯಿಂದ ಬಿಡಿಸುವಾಗ ಅಜ್ಜಿ ಕೊಟ್ಟಳಂತೆ. "ಇವನ್ನ ಬೇಯಿಸೋದು ಬೇಡ, ಏನಾಗ್ತವೆ ನೋಡನ" ಎಂದ. ತಲೆಮಾರುಗಳಿಂದ ಹುಳ ಸಾಕಿದ ಮನೆಯ ಹುಡುಗ ಗೂಡು ಒಡೆದು ಬರುವ ಚಿಟ್ಟೆಯನ್ನು ಕಂಡೇ ಇರಲಿಲ್ಲ. ಕಿಟಕಿಯ ಹತ್ತಿರ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆವು. ಒಂದು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಪ್ರಾರ್ಥನೆ ಮುಗಿಸಿ ಬಂದಾಗ ಒಂದು ಗೂಡಿನ ತುದಿ ಒದ್ದೆಯಾಗಿತ್ತು. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ನಿಂತರು. ಬೆಳ್ಳಗಿನ, ಮುದುಡಿದ ರೆಕ್ಕೆಯ ಚಿಟ್ಟೆ ಹೊರಬಂತು. ಅದು ಹಾರಲಾರದು, ಅದಕ್ಕೆ ತಿನ್ನಲು ಬಾಯಿಯೂ ಇಲ್ಲ ಎಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಮೂರ್ನಾಲ್ಕು ದಿನದಲ್ಲಿ ಆರೂ ಬಂದವು, ಕಾಗದದ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟು, ಒಂದಾದ ಮೇಲೊಂದು ಸತ್ತವು. ಪೆಟ್ಟಿಗೆ ತೆಗೆಯುವ ದಿನ ಹುಡುಗ ಬಂದು ನಿಂತ.

"ತೂತು ಬಿದ್ದ ಗೂಡಿಗೆ ಮಾರ್ಕೆಟ್ಟಲ್ಲಿ ರೇಟಿಲ್ಲ ಮಿಸ್. ನಾನೇ ಇಟ್ಕೊಳ್ಳಲಾ?"

ಆರನ್ನೂ ಎಣಿಸಿ ಅವನ ಕೈಗೆ ಹಾಕಿದೆ.